ಹಿಂಗಾಲಿನ ಭಾರ

ಅಮೆರಿಕದ ಐಡಾಹೋದಲ್ಲಿ ನಮ್ಮೂರಿನ ಬೇಟೆ ಸಾಮಾನಿನ ಅಂಗಡಿ. ನನ್ನ ಮಗಳಿಗೆಂದು ಕೈಗವಸು ಹಿಡಿದು ನಾನು ಸರದಿಯಲ್ಲಿ ನಿಂತಿದ್ದೆ. ಪಕ್ಕದಲ್ಲೇ ನಮ್ಮೂರಿನ ಮಾರ್ಲಾ, ಬೇಟೆಯ ಮಾಂಸವನ್ನು ಬೆಟ್ಟದಿಂದ ಹೊತ್ತಿಳಿಸುವ ಎರಡು ಹೊಸ ಬೆನ್ನುಚೀಲಗಳ ಕಂಪನಿ ಹೆಸರಿನ ಮೇಲೆ ಟೇಪ್ ಅಂಟಿಸಿ, ಒಳಗೆ ಮರಳಿನ ಮೂಟೆ ಇಟ್ಟು, ತನ್ನ ಅಪ್ಪ ಆರಿನ್ ಅವರ ಬೆನ್ನಿಗೆ ಒಂದೊಂದಾಗಿ ಏರಿಸಿ ನೋಡುತ್ತಿದ್ದಳು. ಅವರ ಸೊಂಟದ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ.

“ಎರಡನೇದು ಹಾಯಾಗಿದೆ. ನಮ್ಮ ಗ್ರೇಬುಟ್ ಕಂಪನಿದೇ ಇರ್ಬೇಕು” ಎಂದರು ಆರಿನ್.

“ಇಳಿಸಿ ಟೇಪ್ ಕಿತ್ತು ನೋಡು.”

ಆರಿನ್ ಕಿತ್ತು ನೋಡಿದರು.

“ಟಾರ್ನ್‌ವುಡ್ಡಾ? ಇದನ್ನ ಹೊರೋರನ್ನ ಜನ್ಮವಿಡೀ ಆಡ್ಕೊಂಡಿದೀನಿ ಕಣೇ. ಕ್ಯಾಂಪಲ್ಲಿ ಹೇಗೆ ಮುಖ ತೋರಿಸ್ಲಿ?”

“ಸೊಂಟಕ್ಕೆ ಕಂಪನಿ ಹೆಸರು ಓದೋಕೆ ಬರಲ್ಲ ಅಪ್ಪ.”

“ಎರಡಕ್ಕೂ ಒಂದೇ ತೂಕ ಹಾಕಿದೀಯ ತಾನೆ?”

“ತಕ್ಕಡೀಲಿ ತೂಗೇ ಹಾಕಿದೀನಿ.”

“ಆದ್ರೆ ಇದು ಎಲ್ಕ್ ಜಿಂಕೆ ಹಿಂಗಾಲಿನ ಭಾರ ಅಲ್ಲ, ತೀರಾ ಹಗುರ. ಹೊತ್ತ ಬೆನ್ನಿಗೆ ಗೊತ್ತಾಗಲ್ವಾ? ಅದನ್ನ ಹೊರೋಕಾಗ್ದೆ ನಾನು ಬೆಟ್ಟಕ್ಕೆ ಬಂದು ಏನು ಮಾಡ್ಲಿ?”

“ನಿನಗೆ ಬೆನ್ನಿನ ಮೆತ್ತನೆ ಮಾಂಸ, ಗುಂಡಿಗೆ. ಅಷ್ಟಕ್ಕೇ ತೂಗಿದ್ದು. ಹಿಂಗಾಲು ನಂದು.”

“ಯಾವುದರಲ್ಲಿ ಹೊರ್ತೀಯ?”

“ನಿನ್ನ ಹಳೇ ಗ್ರೇಬುಟ್‌ನಲ್ಲಿ. ಪಟ್ಟಿ ನನ್ನ ಅಳತೆಗೆ ಬಿಗಿದಾಯ್ತು.”

ಆರಿನ್ ಟಾರ್ನ್‌ವುಡ್ಡನ್ನು ಮತ್ತೆ ಬೆನ್ನಿಗೇರಿಸಿಕೊಂಡರು.

“ಆ ಹಳೇ ಗ್ರೇಬುಟ್‌ದು ಎಡಗಡೆ ಬಕಲ್ ಜಾರುತ್ತೆ. ಮನೇಗೆ ಹೋದ್ಮೇಲೆ ಸರಿಮಾಡಿಕೊಡ್ತೀನಿ” ಎನ್ನುತ್ತ, ಮರಳಿನ ಸಮೇತ ಗಲ್ಲಾದ ಕಡೆ ನಡೆದರು.