ಜಾಡಿ ಬಿಸಿಯಾದ ದಿನ

ಹಲ್ಲಿನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಅಕ್ಕನನ್ನು ಕರೆಯಲು ಬಂದ ನರ್ಸಮ್ಮ, ಆ ಇಬ್ಬರ ಮಾತು ಕಿವಿಗೆ ಬಿದ್ದು ಬಾಗಿಲಲ್ಲೇ ನಿಂತುಬಿಟ್ಟಳು.

“ನಿಮ್ ಭಾವ ನಿನ್ನೆ ಕುಣಿದಾಡಿಬಿಟ್ರು ಕಣೆ. ಪ್ರಯೋಗದ ಜಾಡಿ ನೀರು ಬೆಂಕಿಯಿಲ್ಲದೆ ಬಿಸಿಯಾಯ್ತು.”

“ಅದು ಹ್ಯಾಗಕ್ಕಾ?”

“ಅದರೊಳಗಿನ ನ್ಯೂಟ್ರಾನು ಕಣಗಳು ಒಂದನ್ನೊಂದು ದೂರ ತಳ್ಳಲ್ವಂತೆ. ಅದಕ್ಕೇ ತಣ್ಣಗಿದ್ರೂ ಕೂಡ್ಕೊಂಡು ಶಾಖ ಕೊಡ್ತಾವಂತೆ.”

“ಜಗಳ ಇಲ್ಲ ಅಂದ ಮಾತ್ರಕ್ಕೆ ಕೂಡಿ ಬಾಳ್ತಾವಾ?”

“ಅವರ ಕಾಲೇಜಿನ ಪ್ರೊಫೆಸರೂ ಅದನ್ನೇ ಹೇಳಿದ್ದು, ಅವು ಅಂಟಿಕೊಂಡು ನಿಲ್ಲಲ್ಲ ಅಂತ.”

“ಮತ್ತೆ ನೀರು ಬಿಸಿಯಾಗಿದ್ದು?”

“ನಾನೇ ಒಂದು ಲೋಟ ಕುದಿಯೋ ನೀರು ಸುರಿದೆ. ವರ್ಷಗಟ್ಟಲೆ ಅವರ ಸಪ್ಪೆ ಮುಖ ನೋಡಿ ಸಾಕಾಗಿತ್ತು.”

“ಅಯ್ಯೋ, ಭಾವಂಗೆ ಹೇಳಿಬಿಡು!”

“ನಾಳೆ ಜಾಡಿ ತೋರಿಸೋಕೆ ಪ್ರೊಫೆಸರನ್ನ ಮನೆಗೇ ಕರೆದಿದಾರೆ.”

ನರ್ಸಮ್ಮ ಕೊನೆಗೂ ಕೂಗಿದಳು. ಅಕ್ಕ ಊದಿದ ಕೆನ್ನೆ ಹಿಡಿದುಕೊಂಡು ಎದ್ದಳು.

“ನಾಳೆ ನೀನೂ ಬಾ. ನಾನು ನೀರು ಕಾಯಿಸೋವರೆಗೆ ಇಬ್ಬರನ್ನೂ ಮಾತಲ್ಲಿ ಹಿಡಿದಿಟ್ಟಿರು.”