ತೆವಾಬೆಚ್ ಹಿಂತಿರುಗಿ ಹೋದ ದಾರಿ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಕೊರೆಮ್ ಊರಿನ ಸಭಿಕರೇ,

ಅಧ್ಯಕ್ಷರು ಯಾವ ಕಡೆ ಕುಳಿತಿದ್ದಾರೆಂದು ಅವರ ಕೆಮ್ಮಿನಿಂದ ತಿಳಿದುಕೊಂಡೆ. ಈ ಅಬತೆಯಂಥ ಕುರುಡನನ್ನು ಭಾಷಣಕ್ಕೆ ಕರೆದವರು ಇಷ್ಟನ್ನು ಸಹಿಸಬೇಕು.

ನಮ್ಮ ಆಸ್ಪತ್ರೆಯಲ್ಲಿ ದುಡಿದು ಇಂದು ನಿವೃತ್ತರಾಗುತ್ತಿರುವ ತೆವಾಬೆಚ್ ಅವರ ಮುಖವನ್ನು ನಾನು ಕಂಡವನಲ್ಲ. ಇಟಲಿಯವರು ನಮ್ಮ ದೇಶದ ಮೇಲೆ ದಂಡೆತ್ತಿ ಬಂದಾಗ ಅವರ ಗಂಡ ನಮ್ಮ ಪಡೆಯಲ್ಲಿದ್ದ. ಇವರು ದಂಡಿನ ಹಿಂದೆ ದೂರದ ಬಿಡಾರದಲ್ಲಿ ಅಡುಗೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ವಿಮಾನಗಳು ಎಣ್ಣೆಯಂಥ ವಿಷಮಳೆ ಸುರಿಸಿದವು. ಅವರ ಗಂಡ ಸತ್ತ. ನಮ್ಮಲ್ಲಿ ಹಲವರ ಕಣ್ಣು ಹೋಯಿತು.

ಗಂಡನ ಹೆಣಕ್ಕೆ ಮಣ್ಣು ಹಾಕಿದ ಕೈಯಲ್ಲೇ ತಮ್ಮ ಹೊದಿಕೆಯ ಸೆರಗನ್ನು ನನಗೆ ಹಿಡಿಸಿದರು. ನನ್ನ ನಡುಪಟ್ಟಿಯನ್ನು ನನ್ನಂತೆಯೇ ಕಣ್ಣು ಹೋದ ಜೊತೆಗಾರ ಮಕುರಿಯಾ ಹಿಡಿದ, ಅವನದನ್ನು ಇನ್ನೊಬ್ಬ. ಹೀಗೆ ಬೆಟ್ಟ ಇಳಿದೆವು. ಹಳ್ಳದ ಸದ್ದು ಕೇಳಿ ಬಾಯಾರಿದ ನಾವು ನುಗ್ಗಿದಾಗ ತೆವಾಬೆಚ್ ಅಡ್ಡ ನಿಂತರು.

"ನೀನು ತಾಯಿಯೋ ರಾಕ್ಷಸಿಯೋ?" ಎಂದು ಬೈದೆ.

"ಏನಾದ್ರೂ ಅನ್ನು ಅಬತೆ. ಈ ನೀರು ಕುಡಿದ ದನ ದಡದಲ್ಲಿ ಸತ್ತು ಬಿದ್ದಿವೆ. ನಡಿ."

ಆ ದನಿಯನ್ನು ಈಗಲೂ... ಇರಲಿ. ನಾನೇಕೆ ಮದುವೆಯಾಗಲಿಲ್ಲವೆಂದು ಕೇಳುವವರಿದ್ದೀರಿ. ಅದು ಇಂದಿನ ವಿಷಯವಲ್ಲ.

ಈ ಊರಿನ ಗವಿಯಲ್ಲಿ ಹೊರನಾಡಿನ ವೈದ್ಯರೊಬ್ಬರು ನಮ್ಮ ಕಣ್ಣು ತೊಳೆದರು. ಜಿನೀವಾದಲ್ಲಿ ಐವತ್ತು ದೇಶಗಳು ಸೇರಿ ಇಟಲಿಯದೇ ತಪ್ಪೆಂದಿವೆ, ಅದರ ವ್ಯಾಪಾರಕ್ಕೂ ತಡೆ ಹಾಕಿವೆ ಎಂದು ಅವರ ದುಭಾಷಿ ಹೇಳಿದ. ಆ ವಿಮಾನಗಳನ್ನು ಹಾರಿಸುವ ಎಣ್ಣೆ ಮಾತ್ರ ಆ ತಡೆಯಲ್ಲಿ ಸೇರಿರಲಿಲ್ಲವೆಂದು ಆಗ ನಮಗೇನು ಗೊತ್ತು?

"ಐವತ್ತು ದೇಶ ಅಂದ್ಯಲ್ಲಣ್ಣ, ಯಾವಾಗ ಬರ್ತಾರಂತೆ?" ಎಂದ ಮಕುರಿಯಾ.

ಅಷ್ಟು ನಡೆದ ಮೇಲೆ ಸಿಕ್ಕ ಮೊದಲ ರೊಟ್ಟಿಯನ್ನು ತೆವಾಬೆಚ್ ಮಕುರಿಯಾನ ಕೈಗಿಟ್ಟು ಎದ್ದರು.

"ದಾರೀಲಿ ಕಣ್ಣು ಹೋದ ಜನ ಇನ್ನೂ ಕೂತಿದಾರೆ. ಆ ದೇಶದೋರು ಬರೋ ತನಕ ಹಾಗೇ ಬಿಡೋಕಾಗುತ್ತಾ?"

ಹೊರಗೆ ವಿಮಾನಗಳು ಮೊರೆಯುತ್ತಿದ್ದವು. ಅವರ ಬರಿಗಾಲಿನ ಸದ್ದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಸಭಿಕರೇ, ಎಂಥ ಹೆಣ್ಣು! ಎಂಥ ಎದೆ! ದುಭಾಷಿ ಅವರ ಮಾತನ್ನು ವೈದ್ಯರಿಗೆ ತಿಳಿಸಿದ. ಮರುಗಳಿಗೆಯೇ ವೈದ್ಯರ ಬೂಟಿನ ಸದ್ದು ಆ ಬರಿಗಾಲುಗಳ ಹಿಂದೆ ಓಡಿದ್ದು ಕೇಳಿಸಿತು.

ತಾಳ್ಮೆಯಿಂದ ಕೇಳಿದ ನಿಮಗೆ ಋಣಿ. ಆ ತಾಯಿಗೆ, ನಿಮ್ಮೆಲ್ಲರಿಗೆ ನಮಸ್ಕಾರ.