ಅಜ್ಜಿಗೆ ಬಾಯಿಪಾಠವಾದ ನಂಬರು

ಒಡೆದ ಗಾಜಿನ ಫೋನು ಹಿಡಿದು ಮೊಬೈಲ್ ಅಂಗಡಿಯ ಸಾಲಿನಲ್ಲಿ ಸಿಡಿಮಿಡಿಗುಟ್ಟುತ್ತಿದ್ದ ದರ್ಜಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕ ಹೊರದೇಶದಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ನರ್ಸು. ರಜೆ ಮುಗಿಸಿ ಮತ್ತೆ ಹೊರಟವಳು.

“ಅಲ್ಲಿಯ ಸಿಮ್ಮು ಸತ್ತೇಹೋಯ್ತು ಕಣೇ. ನಿನ್ನ ಬಾಣಂತನದ ಗಡಿಬಿಡೀಲಿ ರೀಚಾರ್ಜ್ ಮಾಡೋದೇ ಮರೆತೆ.”

“ಹೋದ್ರೆ ಹೋಗ್ಲಿ ಬಿಡಕ್ಕ. ಅಲ್ಲಿ ಇಳಿದ ತಕ್ಷಣ ಹೊಸದು ತಗೊಂಡ್ರಾಯ್ತು.”

“ನನಗೇನೋ ಆಯ್ತು. ನಾನು ನೋಡ್ಕೊಳ್ಳೋ ಅಜ್ಜಿಗೆ? ಹೆತ್ತ ಮಗನ ಹೆಸರೇ ಮರೆತಿದ್ದಾರೆ, ಆ ನಂಬರೊಂದು ಮಾತ್ರ ಬಾಯಿಪಾಠ.”

“ಪಾಪ! ಈಗ ಆ ನಂಬರಿಗೆ ಫೋನ್ ಮಾಡಿದ್ರೆ ಯಾರೂ ಎತ್ತಲ್ವಾ?”

“ಎತ್ತುತ್ತಾರೆ. ಕಂಪನಿಯವರು ಅದನ್ನ ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದಾರೆ. ನಿನ್ನೆ ನಾನೇ ಮಾಡಿ ನೋಡ್ದೆ. ಯಾವುದೋ ಬೇಕರೀಲಿ ಕೆಲಸ ಮಾಡೋ ಹೆಂಗಸು.”

“ಅಯ್ಯೋ, ಬೈದ್ಲಾ?”

“ಇಲ್ವೇ. ‘ದಿನಾ ಸಂಜೆ ಅಜ್ಜಿಯೊಬ್ಬರು ಮಾಡ್ತಾರೆ, ಯಾವಾಗ ಬರ್ತೀಯ ಅಂತಾರೆ. ನಾನು ಅವಳಲ್ಲ ಅಂದ್ರೆ ಅಳ್ತಾರೆ’ ಅಂದ್ಲು.”

“ಮತ್ತೇನು ಮಾಡ್ತಾಳಂತೆ?”

“‘ನಾಳೆ ಬರ್ತೀನಿ, ಮಾತ್ರೆ ನುಂಗಿ ಮಲಗಿ’ ಅಂತಾಳಂತೆ. ಅಜ್ಜಿ ಸಮಾಧಾನವಾಗಿ ಮಲಗ್ತಾರಂತೆ.”

“ಇರಲಿ ಬಿಡು. ನೀನು ಹೋಗಿ ಎದುರಿಗೆ ನಿಂತರೆ ಎಲ್ಲ ಸರಿಹೋಗುತ್ತೆ.”

“ಎಲ್ಲಿ ಸರಿಹೋಗುತ್ತೆ? ಇಷ್ಟು ಹೊತ್ತಿಗೆ ನನ್ನ ಮುಖ ಮರೆತಿರ್ತಾರೆ. ನನ್ನೆದುರಿಗೇ ಕೂತು ಅವಳಿಗೆ ಫೋನ್ ಮಾಡಿ, ನಾನು ಯಾವಾಗ ಬರ್ತೀನಿ ಅಂತ ಕೇಳ್ತಾರೆ, ನೋಡ್ತಿರು.”

ಅಷ್ಟರಲ್ಲಿ ಅಂಗಡಿಯವನು ಕರೆದ. ಇಬ್ಬರೂ ಕೌಂಟರಿನ ಕಡೆ ಸರಿದರು. ಹಿಂದಿದ್ದವನು ಬೆನ್ನಿಗೆ ತಿವಿದ ಮೇಲೇ ದರ್ಜಿ ಹೆಜ್ಜೆ ಕಿತ್ತಿದ್ದು.